ಊರಿನ ಏಳುಬೀಳು

(ಸಿಂಧನೂರಿನಲ್ಲಿ ಅಕ್ಕಿ ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಸ್ಥರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ನಾವು ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದಾಗ, ಊರು ಬೆಳೆಯಲು ನದಿ, ರಸ್ತೆಗಳು ಕಾರಣವೆನ್ನುತ್ತಿದ್ದೆವು. ಬೆಳೆದ ಊರು ಸೊರಗುವುದೇಕೆ ಎಂಬುದು ಪಾಠದಲ್ಲಿ ಇರಲಿಲ್ಲ.

ಲಿಂಗಸುಗೂರನ್ನು ನೋಡಿ. ಅಲ್ಲಿ ಹೈದರಾಬಾದ್ ಕಂಟಿಂಜೆಂಟಿನ ಛಾವಣಿಯಿತ್ತು. ಅದು ಜಿಲ್ಲಾ ಕೇಂದ್ರವೂ ಆಗಿತ್ತು. ದಂಡು ಹೋಯಿತು. 1905ರಲ್ಲಿ ನಿಜಾಮ ಸರಕಾರ ಜಿಲ್ಲೆಯನ್ನೇ ಒಡೆದು ರಾಯಚೂರು, ಗುಲ್ಬರ್ಗಗಳಿಗೆ ಹಂಚಿತು. ಅಂಗಡಿಕಾರನನ್ನು ಕೇಳಿ ಹೊರಡಿಸಿದ ಹುಕುಂ ಅಲ್ಲ ಅದು.

ಇಂಗ್ಲೆಂಡಿನಲ್ಲೂ ಇದೇ ಕಥೆ. ಬ್ಲ್ಯಾಕ್‌ಪೂಲ್ ಎಂಬ ಕಡಲತೀರದ ಊರಿಗೆ 1846ರಲ್ಲಿ ರೈಲು ಬಂತು. ಲ್ಯಾಂಕಶೈರಿನ ಬಟ್ಟೆ ಗಿರಣಿಗಳು ಒಂದೊಂದು ಊರಲ್ಲಿ ಒಂದೊಂದು ವಾರ ಮುಚ್ಚುತ್ತಿದ್ದವು. ಆಗ ಕೆಲಸಗಾರರು ಹೆಂಡತಿ ಮಕ್ಕಳೊಡನೆ ಕಡಲಿಗೆ ಹೋಗುತ್ತಿದ್ದರು. 1938ರಲ್ಲಿ ಸಂಬಳ ಸಹಿತ ರಜೆಯ ಕಾಯಿದೆಯೂ ಆಯಿತು. ಅವರ ಕಾಸಿನಿಂದ ವಸತಿ ಮನೆಗಳೂ ಮಿಠಾಯಿ ಅಂಗಡಿಗಳೂ ಬದುಕಿದವು. ಮುಂದೆ ಆ ಗಿರಣಿಗಳೇ ಮುಚ್ಚಿದವು. ಅಗ್ಗದ ವಿಮಾನಗಳು ಜನರನ್ನು ಸ್ಪೇನಿನ ಬಿಸಿಲಿಗೆ ಒಯ್ದವು. ಇಂದಿಗೂ ಅಲ್ಲಿಗೆ ಜನ ಬರುತ್ತಾರೆ, ಆದರೆ ಬೆಳಿಗ್ಗೆ ಬಂದು ಸಂಜೆಗೆ ಹಿಂದಿರುಗುವವರೇ ಹೆಚ್ಚು. 2019ರ ಸರಕಾರಿ ಲೆಕ್ಕದಲ್ಲಿ ಅದು ಇಂಗ್ಲೆಂಡಿನ ಅತಿ ಹಿಂದುಳಿದ ಊರುಗಳಲ್ಲೊಂದು.

ಈಗ ನಮ್ಮ ಸಿಂಧನೂರಿಗೆ ಬನ್ನಿ. 1953ರಲ್ಲಿ ಬಂದ ತುಂಗಭದ್ರಾ ಎಡದಂಡೆ ಕಾಲುವೆ ಜೋಳದ ಹೊಲಗಳನ್ನು ಭತ್ತದ ಗದ್ದೆ ಮಾಡಿತು. ಭತ್ತದಿಂದ ಗಿರಣಿ, ಗಿರಣಿಯಿಂದ ಹಮಾಲಿ, ಹಮಾಲಿಯಿಂದ ಚಹಾದಂಗಡಿ. ಎಲ್ಲಕ್ಕೂ ಮೂಲ ಆ ಒಂದು ಕಾಲುವೆ! ಮೊದಲು ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 105ರ ಸುಮಾರಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ಹರಿದು 19ನೆಯ ಗೇಟು ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ, ಉಳಿದ ನೀರನ್ನು ಉಳಿಸಿದವರೂ ಕೆಲಸಗಾರರೇ.

ನೀರು ಬಾರದ ವರ್ಷ ಗದ್ದೆಯ ಒಡೆಯನಿಗೆ ಭೂಮಿಯಾದರೂ ಉಳಿಯುತ್ತದೆ. ಹಮಾಲಿಗೆ ಏನು ಉಳಿಯುತ್ತದೆ? ಉದ್ರಿ ಕೊಟ್ಟ ಕಿರಾಣಿಯವನಿಗೆ ಏನು ಉಳಿಯುತ್ತದೆ?

ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ ರೈತರು 2020ರಲ್ಲಿ 5ಎ ಕಾಲುವೆಗಾಗಿ ಧರಣಿ ಕೂತರು. 2021ರ ಉಪಚುನಾವಣೆಯಲ್ಲಿ ಆ ಮಾತು ಎತ್ತದೆ ಪಕ್ಷಗಳಿಗೆ ವಿಧಿಯಿರಲಿಲ್ಲ. ಕೂತವರ ಮಾತು ಕೇಳಿಸುತ್ತದೆ, ಬಂಧುಗಳೇ.

ಆದ್ದರಿಂದ ನಾವು ಕೇಳುವುದು ಇಷ್ಟೇ: ಕಾಲುವೆಗೆ ನೀರು ಬಿಡುವ ದಿನ ಗೊತ್ತುಮಾಡುವ ಸಮಿತಿಯ ಮುಂದೆ ಹಮಾಲಿಯ, ಅಂಗಡಿಕಾರನ ಅಹವಾಲೂ ಇರಲಿ. ಬೆಳೆಯಿಲ್ಲದ ಹಂಗಾಮಿಗೆ ಗಿರಣಿ ಕೆಲಸಗಾರನಿಗೂ ಪರಿಹಾರ ಸಿಗಲಿ. ಈ ಅರ್ಜಿಗೆ ಇಂದೇ ಸಹಿ ಹಾಕಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿ. ಲಿಂಗಸುಗೂರನ್ನು ಕೇಳದೆ ಕಳೆದರು. ಸಿಂಧನೂರನ್ನು ಹಾಗೆ ಕಳೆಯಗೊಡುವುದು ಬೇಡ.