ಅಂತರ್ಜಾಲದಲ್ಲಿ ಗ್ರಾಮೀಣ ಕಿರು ಉದ್ದಿಮೆ: ಗ್ರಾಮ ಪಂಚಾಯಿತಿ ಮಾಡಬಹುದಾದದ್ದೇನು?

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಇತ್ತೀಚಿನ ದಿನಗಳಲ್ಲಿ ಮಹಿಳಾ ಗ್ರಾಮ ಸಭೆಗಳಲ್ಲಿ ಒಂದು ಬೇಡಿಕೆ ಮತ್ತೆ ಮತ್ತೆ ಕೇಳಿಬರುತ್ತಿದೆ. ತಮ್ಮ ಸಂಘ ತಯಾರಿಸುವ ರೊಟ್ಟಿ, ಚಟ್ನಿಪುಡಿ, ಹಪ್ಪಳ, ಕೌದಿಗಳನ್ನು ಆನ್‌ಲೈನ್‌ನಲ್ಲಿ ಮಾರಲು ದಾರಿ ತೋರಿಸಿ ಎಂಬುದು ಆ ಬೇಡಿಕೆ. ಇದಕ್ಕೆ ನಾವು ಸಾಮಾನ್ಯವಾಗಿ ಒಂದು ದಿನದ ತರಬೇತಿಯನ್ನು ಏರ್ಪಡಿಸುತ್ತೇವೆ. ಫೋನಿನಲ್ಲಿ ಖಾತೆ ತೆರೆಯುವುದನ್ನು, ಚಿತ್ರ ಹಾಕುವುದನ್ನು ಕಲಿಸಿ ಕಳುಹಿಸುತ್ತೇವೆ. ಆದರೆ ಉದ್ದಿಮೆ ಸೋಲುವುದು ಖಾತೆ ತೆರೆಯಲು ಬಾರದ ಕಾರಣದಿಂದಲ್ಲ. ಮೊದಲ ಸಲ ತರಿಸಿಕೊಂಡ ಗಿರಾಕಿ ಎರಡನೆಯ ಸಲ ತರಿಸಿಕೊಳ್ಳದಿರುವುದರಿಂದ ಸೋಲುತ್ತದೆ. ಮೊದಲ ಗಿರಾಕಿಯನ್ನು ಅಂತರ್ಜಾಲ ಕರೆತಂದೀತು. ಅವನನ್ನು ಉಳಿಸಿಕೊಳ್ಳುವುದು ಸರಕಿನ ಗುಣ, ಲೆಕ್ಕದ ಶುದ್ಧಿ ಮತ್ತು ಮಾತಿನ ನಂಬಿಕೆ. ಈ ಮೂರರಲ್ಲಿ ಒಂದು ಮನೆಯಿಂದ ಆಗದ ಭಾಗವನ್ನು ಪಂಚಾಯಿತಿ ವಹಿಸಿಕೊಳ್ಳಬೇಕು ಎಂಬುದನ್ನು ತಮ್ಮ ಮುಂದಿಡಲು ಬಯಸುತ್ತೇನೆ.

ಈ ವಿಷಯವನ್ನು ಹಗುರವಾಗಿ ಕಾಣುವಂತಿಲ್ಲ. ಉದ್ದಿಮೆಗೆ ಹಾಕುವ ಹಣ ಬಹುಪಾಲು ಸಂಘದ ಸಾಲ. ಸರಕು ಹಾಳಾದರೂ ಕಂತು ನಿಲ್ಲುವುದಿಲ್ಲ. ಉತ್ಸಾಹ ತುಂಬಿ ಹೋದವರು ನಾವು, ತೀರಿಸಬೇಕಾದವರು ಅವರು.

ಯಾವ ಸರಕು ದೂರ ಹೋಗಬಲ್ಲದು?

ಮನೆಯಲ್ಲಿ ಚೆನ್ನಾಗಿ ಆಗುವುದೆಲ್ಲ ಅಂಚೆಯಲ್ಲಿ ಹೋಗುವಂಥದ್ದಲ್ಲ. ಬಿಸಿ ಹೋಳಿಗೆಗೆ ಊರಿನ ಜಾತ್ರೆಯೇ ಮಾರುಕಟ್ಟೆ. ದೂರದ ಮಾರಾಟಕ್ಕೆ ಸರಕನ್ನು ಆರಿಸುವಾಗ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಕನಿಷ್ಠ ಕೆಲವು ವಾರ ಕೆಡದೆ ಉಳಿಯುತ್ತದೆಯೇ? ಲಾರಿಯ ಕುಲುಕಾಟವನ್ನು ತಾಳುತ್ತದೆಯೇ? ಸಾಗಣೆಯ ವೆಚ್ಚವನ್ನು ಹೊರುವಷ್ಟು ಬೆಲೆ ಅದಕ್ಕಿದೆಯೇ? ಹತ್ತು ಮನೆಗಳಲ್ಲಿ ಮಾಡಿದರೂ ಒಂದೇ ರುಚಿ, ಒಂದೇ ಅಳತೆ ಬರುತ್ತದೆಯೇ?

ಕಲಬುರಗಿಯ ಜೋಳದ ರೊಟ್ಟಿ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿನ ಮಹಿಳೆಯರು ಸಹಕಾರ ಸಂಘ ಕಟ್ಟಿಕೊಂಡು ರೊಟ್ಟಿಯನ್ನು ಒಂದು ಬ್ರ್ಯಾಂಡ್ ಆಗಿ ರೂಪಿಸಿದ್ದನ್ನು ಪ್ರಧಾನಮಂತ್ರಿಗಳು 2025ರ ಜೂನ್ ತಿಂಗಳ ‘ಮನ್ ಕೀ ಬಾತ್’ ಕಾರ್ಯಕ್ರಮದಲ್ಲಿ ಉಲ್ಲೇಖಿಸಿದರು. ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ, ಬೆಂಗಳೂರಿನಲ್ಲಿ ಒಂದು ಮಳಿಗೆ, ಅದರೊಂದಿಗೆ ಆನ್‌ಲೈನ್ ಬೇಡಿಕೆ ಎಂಬ ವಿವರಗಳು ಆಗ ಪ್ರಸ್ತಾಪವಾದವು. ನಾವು ಗಮನಿಸಬೇಕಾದದ್ದು ಅದರ ಕ್ರಮವನ್ನು. ರೊಟ್ಟಿ ಬಡಿಯುವ ಕೈಗಳು ತಲೆಮಾರುಗಳಿಂದ ಇದ್ದವು. ಹೊಸದಾಗಿ ಬಂದದ್ದು ಒಟ್ಟಾಗಿ ನಿಲ್ಲುವ ಸಂಘ, ಒಂದೇ ಹೆಸರು ಮತ್ತು ಮಾರಾಟದ ವ್ಯವಸ್ಥೆ. ಒಬ್ಬೊಬ್ಬರೇ ತಮ್ಮ ತಮ್ಮ ಹೆಸರಿನಲ್ಲಿ ಮಾರಹೊರಟಿದ್ದರೆ ದಿನಕ್ಕೆ ಇಷ್ಟು ರೊಟ್ಟಿಯ ಬೇಡಿಕೆಯನ್ನು ಯಾರೂ ಒಪ್ಪಿಕೊಳ್ಳಲಾಗುತ್ತಿರಲಿಲ್ಲ.

ನಮ್ಮ ರಾಜ್ಯದಲ್ಲಿ ಚನ್ನಪಟ್ಟಣದ ಗೊಂಬೆ, ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಬ್ಯಾಡಗಿ ಮೆಣಸಿನಕಾಯಿ, ನವಲಗುಂದದ ಜಮಖಾನೆ ಮುಂತಾದವು ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದಿವೆ. ತಮ್ಮ ವ್ಯಾಪ್ತಿಯಲ್ಲಿ ಇಂಥ ಸರಕು ಇದ್ದರೆ ಅದರ ಅಧಿಕೃತ ಬಳಕೆದಾರರಾಗಿ ಕುಶಲಕರ್ಮಿಗಳು ನೋಂದಾಯಿಸಿಕೊಂಡಿದ್ದಾರೆಯೇ ಎಂದು ವಿಚಾರಿಸಿರಿ. ದೂರದ ಗಿರಾಕಿ ಅಸಲಿಗೂ ನಕಲಿಗೂ ಇರುವ ವ್ಯತ್ಯಾಸವನ್ನು ಮುಟ್ಟಿ ನೋಡಲಾರನು. ಆ ನೋಂದಣಿಯೇ ಅವನಿಗೆ ಆಧಾರ.

ಬೆಲೆಯ ಲೆಕ್ಕ

ಸಂಘಗಳು ಹೆಚ್ಚಾಗಿ ಎಡವುವುದು ಇಲ್ಲಿ. ಸಂತೆಯ ಬೆಲೆಗೆ ಅಂಚೆ ವೆಚ್ಚವನ್ನು ಸೇರಿಸಿದರೆ ಆಯಿತೆಂದು ಭಾವಿಸುತ್ತಾರೆ. ಒಂದು ಕಲ್ಪಿತ ಲೆಕ್ಕವನ್ನು ನೋಡೋಣ. 20 ಖಡಕ್ ರೊಟ್ಟಿ ಮತ್ತು ಒಂದು ಪೊಟ್ಟಣ ಶೇಂಗಾ ಚಟ್ನಿಪುಡಿಯ ಕಟ್ಟಿಗೆ 250 ರೂಪಾಯಿ ಬೆಲೆ ಇಟ್ಟಿದ್ದೇವೆ ಎನ್ನೋಣ. ಜೋಳ, ಶೇಂಗಾ, ಉರುವಲಿಗೆ 85, ಪೆಟ್ಟಿಗೆ ಮತ್ತು ಅಂಟುಪಟ್ಟಿಗೆ 25, ಸಾಗಣೆಗೆ 70, ಮಾರಾಟ ವೇದಿಕೆಯ ಶುಲ್ಕಕ್ಕೆ 30, ಒಡೆದದ್ದಕ್ಕೆ, ಹಿಂದಿರುಗಿದ್ದಕ್ಕೆ ಎತ್ತಿಡಬೇಕಾದದ್ದು 10. ಒಟ್ಟು 220. ಉಳಿದದ್ದು 30 ರೂಪಾಯಿ. ಇದು ಲಾಭವಲ್ಲ, ರೊಟ್ಟಿ ಬಡಿದವರ ಕೂಲಿಯನ್ನು ನಾವಿನ್ನೂ ಕಳೆದೇ ಇಲ್ಲ.

ಅದೇ ಸರಕನ್ನು ಎರಡರ ಕಟ್ಟಾಗಿ 450 ರೂಪಾಯಿಗೆ ಮಾರಿದರೆ ಸಾಮಗ್ರಿಗೆ 170, ಪೆಟ್ಟಿಗೆಗೆ 30, ಸಾಗಣೆಗೆ 90, ಶುಲ್ಕಕ್ಕೆ 50, ನಷ್ಟದ ಬಾಬ್ತಿಗೆ 15, ಒಟ್ಟು 355 ಆಗಬಹುದು. ಉಳಿಯುವುದು 95 ರೂಪಾಯಿ. ಗಿರಾಕಿಗೆ 50 ರೂಪಾಯಿ ಕಡಿಮೆಯಾಯಿತು. ಸಂಘಕ್ಕೂ ಕಟ್ಟೊಂದಕ್ಕೆ ಹೆಚ್ಚು ಉಳಿಯಿತು. ಅಂಕಿಗಳು ಊರಿಂದ ಊರಿಗೆ ಬದಲಾಗುತ್ತವೆ. ಆದರೆ ಕೂಲಿಯನ್ನು ಬಿಟ್ಟು ಲಾಭ ಎಣಿಸುವ ಉದ್ದಿಮೆ ಎಲ್ಲಿಯೂ ಉಳಿಯದು.

ಪೆಟ್ಟಿಗೆಯ ಗಾತ್ರದ ಬಗೆಗೂ ಒಂದು ಮಾತು. ಅನೇಕ ಖಾಸಗಿ ಕೊರಿಯರ್ ಸಂಸ್ಥೆಗಳು ತಕ್ಕಡಿಯ ತೂಕ ಮತ್ತು ಗಾತ್ರದ ತೂಕ ಎರಡನ್ನೂ ನೋಡಿ, ಹೆಚ್ಚಿರುವುದಕ್ಕೆ ಹಣ ಪಡೆಯುತ್ತವೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ರೂಢಿ. 30, 30, 20 ಸೆಂ.ಮೀ. ಅಳತೆಯ ಪೆಟ್ಟಿಗೆಗೆ 3.6 ಕಿಲೋ ಆಗುತ್ತದೆ, ಒಳಗಿರುವ ರೊಟ್ಟಿ ಒಂದೂವರೆ ಕಿಲೋ ಇದ್ದರೂ. ಎತ್ತರವನ್ನು 10ಕ್ಕೆ ಇಳಿಸಿದರೆ ಅದು 1.8 ಕಿಲೋ. ಹಗುರವಾದ ಹಪ್ಪಳ, ರೊಟ್ಟಿಗಳಿಗೆ ಪೆಟ್ಟಿಗೆಯ ಅಳತೆಯೇ ಲಾಭ ನಷ್ಟವನ್ನು ನಿರ್ಧರಿಸುತ್ತದೆ. ಅಂಚೆ ಇಲಾಖೆಯ ದರವನ್ನೂ ಕೇಳಿ ಹೋಲಿಸಿ ನೋಡಬೇಕು. ಕೊರಿಯರ್ ವಾಹನ ಬಾರದ ಎಷ್ಟೋ ಹಳ್ಳಿಗಳಿಗೆ ಅಂಚೆಯಣ್ಣ ಬರುತ್ತಾನೆ.

ಕಾಗದಪತ್ರಗಳು

ತಿನ್ನುವ ಸರಕಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ವಾರ್ಷಿಕ ವಹಿವಾಟು ನಿಗದಿತ ಮಿತಿಯೊಳಗಿರುವ ಕಿರು ತಯಾರಕರಿಗೆ ಸರಳ ನೋಂದಣಿ ಸಾಕು. ಅದರ ಶುಲ್ಕ ಅಲ್ಪ. ಉದ್ಯಮ್ ನೋಂದಣಿ ಉಚಿತ. ಇವೆರಡಕ್ಕೆ ಸಾವಿರಾರು ರೂಪಾಯಿ ಕೇಳುವ ಮಧ್ಯವರ್ತಿಗಳಿದ್ದಾರೆ. ಸಂಘದವರನ್ನು ಎಚ್ಚರಿಸುವುದು ತಮ್ಮ ಕರ್ತವ್ಯ.

ಪೊಟ್ಟಣದ ಮೇಲೆ ಸರಕಿನ ಹೆಸರು, ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ತಯಾರಿಸಿದ ದಿನ, ಎಂದಿನವರೆಗೆ ಬಳಸಬಹುದು ಎಂಬುದು, ತೆರಿಗೆಗಳೂ ಸೇರಿದ ಗರಿಷ್ಠ ಮಾರಾಟ ಬೆಲೆ, ತಯಾರಕರ ವಿಳಾಸ, ದೂರಿಗೆ ಸಂಪರ್ಕ, ಸಸ್ಯಾಹಾರದ ಹಸಿರು ಗುರುತು, 14 ಅಂಕಿಗಳ ನೋಂದಣಿ ಸಂಖ್ಯೆ ಇವು ಇರಬೇಕು. ಶೇಂಗಾ ಕೆಲವರ ದೇಹಕ್ಕೆ ಒಗ್ಗದ ಪದಾರ್ಥ. ಅದು ಇದೆಯೆಂದು ಸ್ಪಷ್ಟವಾಗಿ ತಿಳಿಸುವುದು ಕಡ್ಡಾಯ.

ಜಿಎಸ್‌ಟಿ ಕುರಿತು ಹಳ್ಳಿಗಳಲ್ಲಿ ಭಯವೂ ಇದೆ, ತಪ್ಪು ತಿಳಿವಳಿಕೆಯೂ ಇದೆ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ರಾಜ್ಯದ ಸಣ್ಣ ವರ್ತಕರಿಗೆ ತೆರಿಗೆ ನೋಟಿಸ್‌ಗಳು ಬಂದಾಗ ಅನೇಕರು ಅಂಗಡಿಯ ಕ್ಯೂಆರ್ ಫಲಕವನ್ನೇ ತೆಗೆದರು. ಫಲಕ ತೆಗೆಯುವುದರಿಂದ ಹೊಣೆ ತಪ್ಪುವುದಿಲ್ಲ. ಲೆಕ್ಕ ಇಡುವುದರಿಂದ ಭಯ ತಪ್ಪುತ್ತದೆ. ಕೇವಲ ಸರಕು ಮಾರುವವರಿಗೆ ನಮ್ಮ ರಾಜ್ಯದಲ್ಲಿ ಸಾಮಾನ್ಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ, ಸೇವೆಗಳಿಗೆ 20 ಲಕ್ಷ. ಮಾರಾಟ ವೇದಿಕೆಗಳ ಮೂಲಕ ಮಾರಲು ಹಿಂದೆ ನೋಂದಣಿ ಕಡ್ಡಾಯವಾಗಿತ್ತು. 2023ರ ಅಕ್ಟೋಬರ್ 1ರಿಂದ, ಮಿತಿಯೊಳಗಿನ ಸರಕು ಮಾರಾಟಗಾರರು ಪ್ಯಾನ್ ಆಧಾರದ ದಾಖಲಾತಿ ಸಂಖ್ಯೆ ಪಡೆದು, ರಾಜ್ಯದೊಳಗೆ ಮಾತ್ರ, ನೋಂದಣಿಯಿಲ್ಲದೆ ಮಾರಬಹುದಾಗಿದೆ. ತೆರಿಗೆಗೆ ಒಳಪಟ್ಟ ಸರಕನ್ನು ರಾಜ್ಯದ ಗಡಿ ದಾಟಿಸಿ ಮಾರುವುದಾದರೆ ಸಾಮಾನ್ಯವಾಗಿ ನೋಂದಣಿ ಬೇಕು. ಆದ್ದರಿಂದ ಮೊದಲು ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳ ಗಿರಾಕಿಗಳಿಂದ ಆರಂಭಿಸಿ, ಸಂಘ ಗಟ್ಟಿಯಾದ ಮೇಲೆ ಪುಣೆ, ಹೈದರಾಬಾದುಗಳತ್ತ ಹೋಗುವುದು ವಿವೇಕ.

ನಂಬಿಕೆ

ಮೊದಲ ಗಿರಾಕಿಗಳನ್ನು ಅಪರಿಚಿತರಲ್ಲಿ ಹುಡುಕಬೇಕಾಗಿಲ್ಲ. ಪ್ರತಿ ಊರಿನಿಂದಲೂ ದುಡಿಯಲು, ಓದಲು ಹೋದವರು ನಗರಗಳಲ್ಲಿದ್ದಾರೆ. ಊರಿನ ರುಚಿ ಅವರಿಗೆ ಗೊತ್ತು. ತಪ್ಪಿದರೆ ಹೇಳುವ ಸಲುಗೆಯೂ ಉಂಟು. ವಾಟ್ಸಾಪ್ ಮೂಲಕ ಇಂಥ ಐವತ್ತು ಮನೆಗಳಿಗೆ ಮೂರು ತಿಂಗಳು ತಪ್ಪದೆ ಸರಕು ತಲುಪಿಸಿದ ಸಂಘಕ್ಕೆ ದೊಡ್ಡ ವೇದಿಕೆಯನ್ನು ಏರುವ ಅರ್ಹತೆ ಬಂದಿರುತ್ತದೆ.

ದೊಡ್ಡ ವೇದಿಕೆಗಳು ಬೇಡವೆಂದಲ್ಲ. ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್, ಗ್ರಾಮೀಣಾಭಿವೃದ್ಧಿ ಸಚಿವಾಲಯದ ಇ-ಸರಸ್, ಮುಕ್ತ ಜಾಲವಾದ ಒಎನ್‌ಡಿಸಿ, ಖಾಸಗಿ ಮಳಿಗೆಗಳು ಎಲ್ಲವನ್ನೂ ಬಳಸಬಹುದು. ಆದರೆ ಖಾಸಗಿ ಮಳಿಗೆಯಲ್ಲಿ ಶುಲ್ಕ, ನಿಯಮ, ಸರಕು ಕಾಣುವ ಸ್ಥಾನ ಇವೆಲ್ಲ ಇನ್ನೊಬ್ಬರ ಕೈಯಲ್ಲಿರುತ್ತವೆ. ನಾಳೆ ಖಾತೆ ಮುಚ್ಚಿದರೆ ಗಿರಾಕಿ ಯಾರೆಂಬುದೂ ಸಂಘಕ್ಕೆ ತಿಳಿಯದು. ನೇರವಾಗಿ ತರಿಸಿಕೊಂಡವರ ಹೆಸರು, ಸರಕು, ದಿನಾಂಕಗಳನ್ನು ಅವರ ಒಪ್ಪಿಗೆ ಪಡೆದು ಒಂದು ವಹಿಯಲ್ಲಿ ಬರೆದಿಡಬೇಕು. ಹತ್ತು ವರ್ಷದ ಅನಂತರ ಸಂಘದ ನಿಜವಾದ ಆಸ್ತಿ ಆ ವಹಿಯೇ ಆಗಿರುತ್ತದೆ. ಒಡೆದ ರೊಟ್ಟಿ ತಲುಪಿತೆಂಬ ದೂರು ಬಂದರೆ ವಾದಿಸದೆ ಬೇರೆ ಕಳುಹಿಸಬೇಕು. 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳು ದೂರನ್ನು 48 ಗಂಟೆಗಳೊಳಗೆ ಸ್ವೀಕರಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕೆನ್ನುತ್ತವೆ. ಒಳ್ಳೆಯ ಸಂಘಕ್ಕೆ ಅಷ್ಟು ಕಾಲ ಬೇಕಾಗದು.

ಮೋಸದ ಬಗೆಗೂ ಎಚ್ಚರವಿರಲಿ. ದೊಡ್ಡ ಪ್ರಮಾಣದ ಖರೀದಿದಾರನೆಂದು ಹೇಳಿಕೊಂಡು, ಮುಂಗಡ ಕಳುಹಿಸುತ್ತೇನೆ, ಈ ಸಂಕೇತವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎನ್ನುವವರು ಕಳ್ಳರು. ಯುಪಿಐ ಪಿನ್ ಬೇಕಾಗುವುದು ಹಣ ಕೊಡುವಾಗಲೇ ಹೊರತು ಪಡೆಯುವಾಗ ಅಲ್ಲ. ಹಣ ಹೋದರೆ ಕೂಡಲೇ 1930 ಸಂಖ್ಯೆಗೆ ಕರೆಮಾಡಬೇಕು.

ಪಂಚಾಯಿತಿ ಮಾಡಬೇಕಾದದ್ದು

ಮೊದಲನೆಯದು ಸ್ಥಳ. ಹಳ್ಳಿಯ ಹತ್ತು ಮನೆಗಳ ಸರಕು ಒಂದೆಡೆ ಸೇರಿ, ತೂಕವಾಗಿ, ಕಟ್ಟಾಗಿ ಹೊರಡಲು ಶುಚಿಯಾದ ಒಂದು ಕೋಣೆ ಬೇಕು. ಉಪಯೋಗವಾಗದೆ ಬೀಗ ಬಿದ್ದಿರುವ ಸಮುದಾಯ ಕಟ್ಟಡಗಳು ತಮ್ಮಲ್ಲಿಯೂ ಇರಬಹುದು.

ಎರಡನೆಯದು ನೀರು ಮತ್ತು ವಿದ್ಯುತ್. ಆಹಾರ ತಯಾರಿಕೆಗೆ ಪರೀಕ್ಷಿತ ನೀರು ಬೇಕು. ಪರೀಕ್ಷಾ ವರದಿಯ ಪ್ರತಿಯನ್ನು ಸಂಘಕ್ಕೆ ಒದಗಿಸಿರಿ.

ಮೂರನೆಯದು ಸಂಪರ್ಕ. ಪಂಚಾಯಿತಿಗೆ ಬಂದಿರುವ ಭಾರತ್‌ನೆಟ್ ಕೇಬಲ್ ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂಬುದನ್ನು ಸಾಮಾನ್ಯ ಸಭೆಯಲ್ಲಿ ಕೇಳಿರಿ. ಅರಿವು ಕೇಂದ್ರದ ಗಣಕಯಂತ್ರವನ್ನು ವಾರದಲ್ಲಿ ಎರಡು ದಿನ ಸಂಘಗಳಿಗೆ ಮೀಸಲಿಟ್ಟರೆ ಊರಿನ ಓದಿದ ಹೆಣ್ಣುಮಕ್ಕಳು ಬೇಡಿಕೆಗಳನ್ನು ನಿರ್ವಹಿಸಬಲ್ಲರು.

ನಾಲ್ಕನೆಯದು ಯೋಜನೆಗಳ ಜೋಡಣೆ. 2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಪ್ರಧಾನಮಂತ್ರಿ ಯೋಜನೆಯ ಮಾರ್ಗಸೂಚಿಯಲ್ಲಿ, ಈ ಉದ್ದಿಮೆಯಲ್ಲಿ ತೊಡಗಿದ ಸಂಘದ ಪ್ರತಿ ಸದಸ್ಯೆಗೆ 40,000 ರೂಪಾಯಿ ಮೂಲಧನ ಹಾಗೂ ಘಟಕಗಳಿಗೆ ಸಾಲಾಧಾರಿತ ಸಹಾಯಧನದ ಅವಕಾಶವಿತ್ತು. ಒಕ್ಕೂಟ ಸಿದ್ಧಪಡಿಸುವ ಬೇಡಿಕೆಗಳನ್ನು ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸುವುದು ತಮ್ಮ ಕೈಯಲ್ಲಿದೆ.

ಮಾಡಬಾರದ್ದೂ ಒಂದಿದೆ. ಪಂಚಾಯಿತಿ ತಾನೇ ವ್ಯಾಪಾರಕ್ಕೆ ಇಳಿಯಬಾರದು. ನಮ್ಮ ಅವಧಿ ಐದು ವರ್ಷ. ಉದ್ದಿಮೆ ಅದನ್ನು ಮೀರಿ ಬಾಳಬೇಕು. ಬ್ರ್ಯಾಂಡಿನ ಹೆಸರು, ಬ್ಯಾಂಕ್ ಖಾತೆ, ಆನ್‌ಲೈನ್ ಖಾತೆಯ ಗುಪ್ತಪದ ಎಲ್ಲವೂ ಒಕ್ಕೂಟದ ಹೆಸರಿನಲ್ಲಿರಲಿ. ಯಾವ ಸದಸ್ಯರ, ಯಾವ ನೌಕರರ ಫೋನಿನಲ್ಲಿಯೂ ಸಿಕ್ಕಿಕೊಳ್ಳದಿರಲಿ. ಕಟ್ಟಡ ಕೊಟ್ಟರೆ ಲಿಖಿತ ನಿರ್ಣಯದ ಮೂಲಕ, ಅವಧಿ ಮತ್ತು ಷರತ್ತು ನಮೂದಿಸಿ ಕೊಡಿರಿ. ಪಂಚಾಯಿತಿಯಲ್ಲಿ ಪಕ್ಷ ಬದಲಾದಾಗ ರೊಟ್ಟಿಯ ಒಲೆ ಆರಬಾರದು.

ತಮ್ಮಲ್ಲಿ ನನ್ನದೊಂದು ವಿನಂತಿ. ಊರಿಗೆ ಮರಳಿದ ಮೇಲೆ ಒಂದೇ ಒಂದು ಸಂಘವನ್ನು ಆರಿಸಿಕೊಳ್ಳಿರಿ. ಅದರ ಸದಸ್ಯೆಯರೊಡನೆ ಕುಳಿತು ಒಂದು ಸರಕಿನ ಬೆಲೆಯನ್ನು, ಕೂಲಿಯನ್ನೂ ಸೇರಿಸಿ, ಕಾಗದದ ಮೇಲೆ ಬರೆಯಿಸಿರಿ. ಲೆಕ್ಕ ಕೂಡಿದರೆ ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಅವರಿಗೊಂದು ಕೋಣೆಯ ವಿಷಯವನ್ನು ಸೇರಿಸಿರಿ. ಕೂಡದಿದ್ದರೆ ಸಾಲ ಎತ್ತುವ ಮೊದಲೇ ಅದನ್ನು ಅವರಿಗೆ ತಿಳಿಯಪಡಿಸಿದ ಪುಣ್ಯ ತಮ್ಮದಾಗುತ್ತದೆ. ಎರಡೂ ಸೇವೆಯೇ.