ಬೆಂಚಿನ ಮೇಲಿನ ಆಟಗಾರ: ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಟ್ಟುಕೊಡಬೇಕು?



ನಿಮ್ಮ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯ ನಡೆಯುವಾಗ ಒಮ್ಮೆ ಚೆಂಡಿನಿಂದ ಕಣ್ಣು ತೆಗೆದು ಅಂಕಣದ ಪಕ್ಕದಲ್ಲಿರುವ ಬೆಂಚಿನ ಕಡೆ ನೋಡಿ. ಐದು ಮಂದಿ ಒಳಗೆ ಆಡುತ್ತಿರುತ್ತಾರೆ. ಏಳು ಮಂದಿ ಹೊರಗೆ ಕುಳಿತಿರುತ್ತಾರೆ. ಒಬ್ಬ ಬೂಟಿನ ಲೇಸನ್ನು ಮೂರನೆಯ ಸಲ ಬಿಗಿ ಮಾಡಿಕೊಳ್ಳುತ್ತಿರುತ್ತಾನೆ. ಇನ್ನೊಬ್ಬ ತರಬೇತುದಾರರ ಮುಖವನ್ನೇ ನೋಡುತ್ತಿರುತ್ತಾನೆ. ಅವನ ಮನಸ್ಸಿನಲ್ಲಿರುವುದು ಒಂದೇ ಪ್ರಶ್ನೆ: "ನನ್ನನ್ನು ಕರೆಯುತ್ತಾರೆಯೇ?"

ತಂಡವನ್ನು ನಡೆಸುವವರ ಮನಸ್ಸಿನಲ್ಲಿ ಇರುವುದು ಬೇರೆಯೇ ಪ್ರಶ್ನೆ. ಈ ಏಳು ಮಂದಿಯಲ್ಲಿ ಮುಂದಿನ ವರ್ಷಕ್ಕೆ ಯಾರು ಬೇಕು, ಯಾರು ಬೇಡ? ಇಂದು ನಾವು ಈ ಎರಡನೆಯ ಪ್ರಶ್ನೆಯನ್ನು ಕುರಿತು ಯೋಚಿಸೋಣ. ಈ ಪ್ರಶ್ನೆ ದೊಡ್ಡ ಪ್ರಮಾಣದಲ್ಲಿ ಎದುರಾಗುವುದು ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ. ಆದುದರಿಂದ ಉದಾಹರಣೆಗಳನ್ನು ಅಲ್ಲಿಂದಲೇ ತೆಗೆದುಕೊಳ್ಳೋಣ.

ಮೊದಲು ಸ್ವಲ್ಪ ಲೆಕ್ಕ. ಎನ್‌ಬಿಎ ಪಂದ್ಯದ ಅವಧಿ 48 ನಿಮಿಷ. ಒಂದು ತಂಡದ ಐವರು ಒಟ್ಟಿಗೆ ಅಂಕಣದಲ್ಲಿರುವುದರಿಂದ ತರಬೇತುದಾರರು ಹಂಚಬೇಕಾದದ್ದು 240 ನಿಮಿಷ. ಮೊದಲ ಐವರು ತಲಾ 32 ನಿಮಿಷ ಆಡಿದರೆ 160 ನಿಮಿಷ ಮುಗಿಯಿತು. ಉಳಿದ 80 ನಿಮಿಷ, ಎಂದರೆ ಪಂದ್ಯದ ಮೂರನೆಯ ಒಂದು ಭಾಗ, ಬೆಂಚಿನವರ ಪಾಲು. ಒಂದು ಋತುವಿನಲ್ಲಿ ಪ್ರತಿ ತಂಡಕ್ಕೂ ಇಂಥ 82 ಲೀಗ್ ಪಂದ್ಯಗಳು. ಬೆಂಚನ್ನು ಕಡೆಗಣಿಸಿದವರು ಆಟದ ಮೂರನೆಯ ಒಂದು ಭಾಗವನ್ನೇ ಕಡೆಗಣಿಸಿದಂತೆ.

ಇನ್ನು ವಿನಿಮಯದ ಮಾತು. ಅಲ್ಲಿ ಒಂದು ತಂಡ ತನ್ನ ಆಟಗಾರನನ್ನು ಇನ್ನೊಂದು ತಂಡಕ್ಕೆ ಕೊಟ್ಟು, ಬದಲಿಗೆ ಅಲ್ಲಿನ ಆಟಗಾರನನ್ನೋ ಹೊಸ ಆಟಗಾರರನ್ನು ಆರಿಸುವ ಸರದಿಯನ್ನೋ ಪಡೆಯಬಹುದು. ಹೊಸಬರನ್ನು ಸರದಿಯಂತೆ ಆರಿಸುವ ಈ ಪದ್ಧತಿಗೆ ಡ್ರಾಫ್ಟ್ ಎಂದು ಹೆಸರು. ಐಪಿಎಲ್ ಹರಾಜಿಗೆ ಮುಂಚೆ ಯಾರನ್ನು ಉಳಿಸಿಕೊಂಡರು, ಯಾರನ್ನು ಬಿಟ್ಟರು ಎಂದು ನೀವು ಚರ್ಚಿಸುತ್ತೀರಲ್ಲವೇ? ಅದಕ್ಕೆ ಹತ್ತಿರದ ವಿಷಯವೇ ಇದು. ಆದರೆ ಎನ್‌ಬಿಎಯಲ್ಲಿ ಸಾಮಾನ್ಯವಾಗಿ ಆಟಗಾರನ ಒಪ್ಪಿಗೆಯನ್ನು ಕೇಳುವ ಕಟ್ಟುಪಾಡಿಲ್ಲ. ಒಂದು ದೂರವಾಣಿ ಕರೆ ಬಂದರೆ ಮರುದಿನ ಬೇರೆ ಊರು, ಬೇರೆ ಅಂಗಿ, ಬೇರೆ ಗೆಳೆಯರು.

ಹಾಗಾದರೆ ನಿರ್ಧಾರ ಮಾಡುವುದು ಹೇಗೆ? ನಾಲ್ಕು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ.

ಮೊದಲನೆಯದು, ಸಿಕ್ಕ ನಿಮಿಷಗಳಲ್ಲಿ ಅವನು ಏನು ಮಾಡುತ್ತಾನೆ? ಇಲ್ಲಿ ಅಂಕಿಗಳು ನಮಗೆ ಮೋಸ ಮಾಡಬಹುದು. ಒಬ್ಬ ಹುಡುಗ 9 ನಿಮಿಷ ಆಡಿ 6 ಅಂಕ ಗಳಿಸುತ್ತಾನೆ ಎಂದಿಟ್ಟುಕೊಳ್ಳಿ. ಹಾಗಾದರೆ 36 ನಿಮಿಷ ಕೊಟ್ಟರೆ 24 ಅಂಕ ಗಳಿಸುತ್ತಾನೆ ಎಂದು ಗುಣಾಕಾರ ಹೇಳುತ್ತದೆ. ಗುಣಾಕಾರ ಸರಿ, ತೀರ್ಮಾನ ಸರಿಯಾಗಬೇಕೆಂದಿಲ್ಲ. ಆ 9 ನಿಮಿಷಗಳಲ್ಲಿ ಅವನ ಎದುರಿಗಿದ್ದವರು ಬಹುಶಃ ಎದುರಾಳಿಯ ಬೆಂಚಿನವರು. ಅವನ ಕಾಲು ದಣಿದಿರಲಿಲ್ಲ. ಅವನನ್ನು ತಡೆಯಲು ಯಾರೂ ಉಪಾಯ ಹೂಡಿರಲಿಲ್ಲ. ಇದಕ್ಕೆ ವಿರುದ್ಧವಾದದ್ದೂ ಉಂಟು. ಎದುರಾಳಿಯ ಶ್ರೇಷ್ಠ ಆಟಗಾರನನ್ನು ಕಟ್ಟಿಹಾಕುವವನ ಕೆಲಸ ಅಂಕಪಟ್ಟಿಯಲ್ಲಿ ಕಾಣುವುದೇ ಇಲ್ಲ.

ಎರಡನೆಯದು, ಅವನು ಮಾಡುವ ಕೆಲಸವನ್ನು ತಂಡದಲ್ಲಿ ಇನ್ನೊಬ್ಬರು ಮಾಡುತ್ತಿದ್ದಾರೆಯೇ? ಮನೆಯಲ್ಲಿ ಮೂರು ಕುಡುಗೋಲಿದ್ದು ಒಂದೂ ಗುದ್ದಲಿ ಇಲ್ಲದಿದ್ದರೆ, ಕುಡುಗೋಲು ಎಷ್ಟೇ ಹರಿತವಾಗಿರಲಿ, ಒಂದನ್ನು ಕೊಟ್ಟು ಗುದ್ದಲಿ ತರುವುದೇ ಜಾಣತನ.

ಮೂರನೆಯದು, ಅವನ ವಯಸ್ಸು ಮತ್ತು ವೇತನ. ಅಲ್ಲಿ ತಂಡಗಳ ಒಟ್ಟು ವೇತನಕ್ಕೆ ಒಂದು ಮಿತಿ ಗೊತ್ತುಪಡಿಸಿದ್ದಾರೆ. ಅದನ್ನು ಬಹಳ ಮೀರಿದ ತಂಡ ಭಾರಿ ತೆರಿಗೆ ತೆರಬೇಕು. ಆದುದರಿಂದ "ಇವನು ಒಳ್ಳೆಯವನೇ?" ಎಂದಷ್ಟೇ ಕೇಳಿದರೆ ಸಾಲದು, "ಈ ಬೆಲೆಗೆ ಒಳ್ಳೆಯವನೇ?" ಎಂದು ಕೇಳಬೇಕು.

ನಾಲ್ಕನೆಯದು, ಅವನನ್ನು ಕೊಟ್ಟರೆ ನಮಗೆ ಸಿಗುವುದೇನು? ಬಹಳ ಮಂದಿ ಮರೆಯುವ ಪ್ರಶ್ನೆ ಇದು. ಒಬ್ಬನ ಮೇಲಿನ ಬೇಸರದಿಂದ ಅವನನ್ನು ಕಳುಹಿಸಿದ ಮಾತ್ರಕ್ಕೆ ತಂಡ ಬಲವಾಗುವುದಿಲ್ಲ. ಬಂದವನು ಹೋದವನಿಗಿಂತ ಹೆಚ್ಚು ಉಪಯೋಗಕ್ಕೆ ಬರಬೇಕು.

ಈಗ ಮೂರು ನಿಜ ಪ್ರಸಂಗಗಳನ್ನು ನೋಡೋಣ.

2011ರಲ್ಲಿ ಸ್ಯಾನ್ ಆಂಟೋನಿಯೋ ಸ್ಪರ್ಸ್ ತಂಡ ಲೀಗ್ ಹಂತದಲ್ಲಿ 61 ಪಂದ್ಯ ಗೆದ್ದಿತ್ತು. ಆದರೆ ಮುಂದಿನ ಸುತ್ತಿನಲ್ಲಿ, ಎಂಟನೆಯ ಸ್ಥಾನದಲ್ಲಿದ್ದ ಮೆಂಫಿಸ್ ತಂಡ ಅದನ್ನು ಹೊರದೂಡಿತು. ಆ ತಂಡದ ಬೆಂಚಿನಲ್ಲಿ ಜಾರ್ಜ್ ಹಿಲ್ ಎಂಬ ಯುವಕನಿದ್ದ. ಶ್ರಮಜೀವಿ, ಪಂದ್ಯಕ್ಕೆ ಸರಾಸರಿ ಹನ್ನೊಂದಕ್ಕೂ ಹೆಚ್ಚು ಅಂಕ ಗಳಿಸುತ್ತಿದ್ದ, ತರಬೇತುದಾರ ಗ್ರೆಗ್ ಪೋಪೊವಿಚ್ ಅವರಿಗೆ ಅಚ್ಚುಮೆಚ್ಚಿನವನು. ಆದರೂ ಆ ವರ್ಷದ ಡ್ರಾಫ್ಟ್ ರಾತ್ರಿ ಅವನನ್ನು ಇಂಡಿಯಾನಾ ತಂಡಕ್ಕೆ ಕೊಟ್ಟರು. ಬದಲಿಗೆ ಪಡೆದದ್ದು ಮುಖ್ಯವಾಗಿ, ಹದಿನೈದನೆಯ ಸರದಿಯಲ್ಲಿ ಆಯ್ಕೆಯಾದ ಕವಾಯ್ ಲೆನಾರ್ಡ್ ಎಂಬ ಕಾಲೇಜು ಹುಡುಗನನ್ನು.

ಇದೇಕೆ ಹೀಗೆ? ನಮ್ಮ ಪ್ರಶ್ನೆಗಳನ್ನು ಹಚ್ಚಿ ನೋಡಿ. ಹಿಲ್ ಆಡುವ ಜಾಗದಲ್ಲಿ ಟೋನಿ ಪಾರ್ಕರ್ ಮತ್ತು ಮನು ಜಿನೋಬಿಲಿ ಇದ್ದರು. ತಂಡಕ್ಕೆ ಕೊರತೆಯಿದ್ದದ್ದು ಎತ್ತರದ, ರಕ್ಷಣೆ ಬಲ್ಲ ಆಟಗಾರನದು. ಹಿಲ್‌ನ ಒಪ್ಪಂದ ಮುಗಿಯಲು ಒಂದೇ ವರ್ಷ ಉಳಿದಿತ್ತು. ಆ ಮೇಲೆ ಅವನ ಬೆಲೆ ಏರುತ್ತಿತ್ತು. ಹೊಸ ಹುಡುಗ ಕೆಲವು ವರ್ಷ ಕಡಿಮೆ ವೇತನಕ್ಕೆ ಸಿಗುತ್ತಿದ್ದ. ಆದರೆ ಅಪಾಯವೂ ಇತ್ತು. ಲೆನಾರ್ಡ್‌ಗೆ ದೂರದಿಂದ ಗುರಿಯಿಡುವುದು ಕಾಲೇಜಿನಲ್ಲಿ ಚೆನ್ನಾಗಿ ಬರುತ್ತಿರಲಿಲ್ಲ. ಮೂರು ಅಂಕದ ಹೊಡೆತಗಳಲ್ಲಿ ಮೂರನೆಯ ಒಂದು ಭಾಗವೂ ಬುಟ್ಟಿ ಸೇರುತ್ತಿರಲಿಲ್ಲ. ಸ್ಪರ್ಸ್ ತಂಡದ ಗುರಿ ತರಬೇತುದಾರ ಚಿಪ್ ಎಂಗೆಲಂಡ್ ಆ ದೋಷವನ್ನು ತಿದ್ದಿದರು. ಮೂರೇ ವರ್ಷದಲ್ಲಿ, 2014ರಲ್ಲಿ, ಸ್ಪರ್ಸ್ ತಂಡ ಮಯಾಮಿಯನ್ನು 4-1ರಿಂದ ಸೋಲಿಸಿ ಚಾಂಪಿಯನ್ ಆಯಿತು. ಫೈನಲ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದವನು 22 ವರ್ಷದ ಲೆನಾರ್ಡ್.

ಹಿಲ್‌ನ ಗತಿ ಏನಾಯಿತು ಎಂದು ಕೇಳುತ್ತೀರಾ? ಇಂಡಿಯಾನಾಪೊಲಿಸ್ ಅವನು ಹುಟ್ಟಿದ ಊರು. ಅಲ್ಲಿ ಅವನು ಬೆಂಚಿನಿಂದ ಎದ್ದು ಮೊದಲ ಐವರಲ್ಲಿ ಒಬ್ಬನಾದ. ಅವನ ತಂಡ 2013 ಮತ್ತು 2014ರಲ್ಲಿ ಪೂರ್ವ ವಿಭಾಗದ ಫೈನಲ್ ತಲುಪಿತು. ಒಳ್ಳೆಯ ವಿನಿಮಯದಲ್ಲಿ ಒಬ್ಬರು ಗೆದ್ದು ಇನ್ನೊಬ್ಬರು ಸೋಲಲೇಬೇಕೆಂದಿಲ್ಲ.

ಅದೇ ಸ್ಪರ್ಸ್ ತಂಡದ ಬಗ್ಗೆ ಇನ್ನೊಂದು ಮಾತು. 2013-14ರ ಲೀಗ್ ಹಂತದಲ್ಲಿ ಆ ತಂಡದ ಯಾವೊಬ್ಬ ಆಟಗಾರನೂ ಪಂದ್ಯಕ್ಕೆ ಸರಾಸರಿ 30 ನಿಮಿಷ ಆಡಲಿಲ್ಲ. ಬೆಂಚನ್ನು ಅಷ್ಟು ನಂಬಿದ್ದರು. ಫೈನಲ್‌ನ ಕೊನೆಯ ಪಂದ್ಯದಲ್ಲಿ ಬೆಂಚಿನಿಂದ ಬಂದ ಪ್ಯಾಟಿ ಮಿಲ್ಸ್ 17 ಅಂಕ ಗಳಿಸಿದ. ಆ ಸರಣಿಯಲ್ಲಿ ಮಿಂಚಿದ ಬೋರಿಸ್ ಡಿಯಾವ್‌ನನ್ನು ಎರಡು ವರ್ಷ ಹಿಂದೆ ಷಾರ್ಲಟ್ ತಂಡ ಬೇಡವೆಂದು ಬಿಟ್ಟುಬಿಟ್ಟಿತ್ತು.

ಎರಡನೆಯ ಪ್ರಸಂಗ ಓಕ್ಲಹೋಮ ಸಿಟಿಯದು. 2012ರಲ್ಲಿ ಆ ತಂಡ ಫೈನಲ್ ತಲುಪಿತ್ತು. ಬೆಂಚಿನಿಂದ ಬಂದು ಆಡುತ್ತಿದ್ದ ಜೇಮ್ಸ್ ಹಾರ್ಡನ್ ಆ ವರ್ಷ ಲೀಗಿನ ಅತ್ಯುತ್ತಮ ಬದಲಿ ಆಟಗಾರನೆಂದು ಪ್ರಶಸ್ತಿ ಪಡೆದಿದ್ದ. ವಯಸ್ಸು 23. ತಂಡ ಅವನಿಗೆ ನಾಲ್ಕು ವರ್ಷಕ್ಕೆ ಸುಮಾರು ಐದೂವರೆ ಕೋಟಿ ಡಾಲರ್ ಕೊಡುತ್ತೇನೆಂದಿತು. ನಿಯಮದಂತೆ ಸಿಗಬಹುದಾದ ಗರಿಷ್ಠ ಮೊತ್ತ ಆರು ಕೋಟಿಯ ಹತ್ತಿರವಿತ್ತು. ಒಪ್ಪಂದ ಆಗಲಿಲ್ಲ. ಅಕ್ಟೋಬರ್ ಕೊನೆಯಲ್ಲಿ ಅವನನ್ನು ಹ್ಯೂಸ್ಟನ್ ತಂಡಕ್ಕೆ ಕೊಟ್ಟು, ಕೆವಿನ್ ಮಾರ್ಟಿನ್, ಜೆರೆಮಿ ಲ್ಯಾಂಬ್ ಎಂಬ ಇಬ್ಬರನ್ನೂ ಡ್ರಾಫ್ಟ್ ಸರದಿಗಳನ್ನೂ ಪಡೆದರು.

ಹ್ಯೂಸ್ಟನ್ ಪರ ಮೊದಲ ಪಂದ್ಯದಲ್ಲೇ ಹಾರ್ಡನ್ 37 ಅಂಕ ಗಳಿಸಿದ. 2018ರಲ್ಲಿ ಇಡೀ ಲೀಗಿನ ಅತ್ಯಂತ ಮೌಲ್ಯಯುತ ಆಟಗಾರನಾದ. ಓಕ್ಲಹೋಮದಲ್ಲಿ ಉಳಿದ ಡ್ಯುರಾಂಟ್ ಮತ್ತು ವೆಸ್ಟ್‌ಬ್ರುಕ್ ಜೋಡಿ ಆ ತಂಡದಲ್ಲಿ ಮತ್ತೆಂದೂ ಫೈನಲ್ ಕಾಣಲಿಲ್ಲ. ತಂಡದವರ ಲೆಕ್ಕ ಮೂರ್ಖರ ಲೆಕ್ಕವಲ್ಲ. ಇತರ ಪ್ರಮುಖ ಆಟಗಾರರಿಗೆ ಆಗಲೇ ದೊಡ್ಡ ವೇತನ ಕೊಡಬೇಕಿತ್ತು; ತೆರಿಗೆಯ ನಿಯಮ ಬಿಗಿಯಾಗುವುದರಲ್ಲಿತ್ತು. ಆದರೆ ಹಾರ್ಡನ್ ಬೆಂಚಿನಲ್ಲಿದ್ದದ್ದು ಅವನ ಸಾಮರ್ಥ್ಯ ಅಷ್ಟೇ ಎಂಬ ಕಾರಣಕ್ಕಲ್ಲ, ತಂಡದ ಅನುಕೂಲಕ್ಕೆ. ಕುಳಿತ ಜಾಗವನ್ನು ನೋಡಿ ಮನುಷ್ಯನ ಬೆಲೆ ಕಟ್ಟುವುದು ಸುಲಭ. ಅದು ದುಬಾರಿಯೂ ಆಗಬಹುದು.

ಮೂರನೆಯ ಪ್ರಸಂಗ ಜೆರೆಮಿ ಲಿನ್‌ನದು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಓದಿದವನು. 2011ರ ಡಿಸೆಂಬರ್‌ನಲ್ಲಿ ಗೋಲ್ಡನ್ ಸ್ಟೇಟ್ ತಂಡ ಅವನನ್ನು ಬಿಟ್ಟಿತು. ಹ್ಯೂಸ್ಟನ್ ಸೇರಿಸಿಕೊಂಡು ಅದೇ ತಿಂಗಳು ಬಿಟ್ಟಿತು. ನ್ಯೂಯಾರ್ಕ್ ತಂಡ ಅವನನ್ನು ಬೆಂಚಿನ ತುದಿಯಲ್ಲಿ ಕೂರಿಸಿತು. 2012ರ ಫೆಬ್ರುವರಿ 4ರಂದು ಬೇರೆ ದಾರಿ ಕಾಣದೆ ಅಂಕಣಕ್ಕೆ ಇಳಿಸಿದಾಗ 25 ಅಂಕ ಗಳಿಸಿದ. ಆರು ದಿನಗಳ ಮೇಲೆ ಲಾಸ್ ಏಂಜಲೀಸ್ ಲೇಕರ್ಸ್ ವಿರುದ್ಧ 38 ಅಂಕ! ಅದೇ ಜುಲೈನಲ್ಲಿ, ಬೇಡವೆಂದು ಬಿಟ್ಟಿದ್ದ ಹ್ಯೂಸ್ಟನ್ ತಂಡವೇ ಮೂರು ವರ್ಷಕ್ಕೆ ಸುಮಾರು ಎರಡೂವರೆ ಕೋಟಿ ಡಾಲರಿನ ಒಪ್ಪಂದ ಮಾಡಿ ಅವನನ್ನು ಮರಳಿ ಕರೆಸಿಕೊಂಡಿತು. ಹಿತ್ತಲ ಗಿಡ ಮದ್ದಲ್ಲ ಎಂಬ ನಮ್ಮ ಗಾದೆ ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲೂ ನಿಜ. ಅವಕಾಶವನ್ನೇ ಕೊಡದೆ "ಇವನಲ್ಲಿ ಏನೂ ಇಲ್ಲ" ಎನ್ನುವುದು ಪರೀಕ್ಷೆ ಬರೆಸದೆ ನಪಾಸು ಮಾಡಿದಂತೆ.

ಹಾಗೆಂದು ಬೆಂಚಿನಲ್ಲಿರುವ ಪ್ರತಿಯೊಬ್ಬನೂ ಮುಚ್ಚಿಟ್ಟ ರತ್ನವೆಂದು ನಾನು ಹೇಳುತ್ತಿಲ್ಲ. ಎಲ್ಲರನ್ನೂ ಉಳಿಸಿಕೊಳ್ಳುವುದು ನಿರ್ಧಾರವಲ್ಲ, ನಿರ್ಧಾರದಿಂದ ತಪ್ಪಿಸಿಕೊಳ್ಳುವ ದಾರಿ. ಹಾರ್ಡನ್‌ನನ್ನು ಕಳೆದುಕೊಂಡ ಓಕ್ಲಹೋಮ ಸಿಟಿಯನ್ನೇ ನೋಡಿ. ಅದೇ ವ್ಯವಸ್ಥಾಪಕ ಸ್ಯಾಮ್ ಪ್ರೆಸ್ಟಿ 2024ರಲ್ಲಿ, 21 ವರ್ಷದ ಪ್ರತಿಭಾವಂತ ಜಾಶ್ ಗಿಡ್ಡಿಯನ್ನು ಷಿಕಾಗೋ ತಂಡಕ್ಕೆ ಕೊಟ್ಟು, 30 ವರ್ಷದ ಅಲೆಕ್ಸ್ ಕರುಸೊನನ್ನು ತಂದರು. ಗಿಡ್ಡಿ ಡ್ರಾಫ್ಟ್‌ನಲ್ಲಿ ಆರನೆಯ ಸರದಿಯಲ್ಲಿ ಆಯ್ಕೆಯಾದವನು. ಕರುಸೊನನ್ನು ಡ್ರಾಫ್ಟ್‌ನಲ್ಲಿ ಯಾರೂ ಆರಿಸಿರಲಿಲ್ಲ. ಆದರೆ ತಂಡದಲ್ಲಿ ಚೆಂಡನ್ನು ಕೈಯಲ್ಲಿಟ್ಟುಕೊಂಡು ಆಡುವವರು ಸಾಕಷ್ಟಿದ್ದರು, ಬೇಕಾಗಿದ್ದದ್ದು ರಕ್ಷಣೆ. 2025ರ ಎರಡನೆಯ ಸುತ್ತಿನ ನಿರ್ಣಾಯಕ ಏಳನೆಯ ಪಂದ್ಯದಲ್ಲಿ, ಬೆಂಚಿನಿಂದ ಬಂದ 6 ಅಡಿ 5 ಅಂಗುಲದ ಕರುಸೊ, 6 ಅಡಿ 11 ಅಂಗುಲದ ನಿಕೊಲಾ ಯೋಕಿಚ್‌ನನ್ನು ಕಾಡಿದ್ದನ್ನು ಕಂಡವರು ಮರೆಯಲಾರರು. ಆ ವರ್ಷ ಓಕ್ಲಹೋಮ ಸಿಟಿ ಚಾಂಪಿಯನ್ ಆಯಿತು.

ಫಲಿತಾಂಶ ಗೊತ್ತಾದ ಮೇಲೆ ಬುದ್ಧಿ ಹೇಳುವುದು ಎಲ್ಲರಿಗೂ ಬರುತ್ತದೆ. ನಿರ್ಧಾರವನ್ನು ಅಳೆಯಬೇಕಾದದ್ದು ಅದನ್ನು ಮಾಡಿದ ದಿನ ಏನು ತಿಳಿದಿತ್ತು, ಸರಿಯಾದ ಪ್ರಶ್ನೆಗಳನ್ನು ಕೇಳಿದ್ದರೇ ಎಂಬುದರಿಂದ. ಲೆನಾರ್ಡ್‌ಗೆ ಗುರಿಯಿಡಲು ಬರದೇ ಹೋಗಿದ್ದರೂ ಸ್ಪರ್ಸ್ ತಂಡದ ತರ್ಕ ತರ್ಕವೇ ಆಗಿರುತ್ತಿತ್ತು.

ಕೊನೆಯದಾಗಿ, ಯಾವ ಪಟ್ಟಿಯಲ್ಲೂ ಬರೆಯದ ಒಂದು ಸಂಗತಿ. ಕೊಡುವುದು ತರುವುದು ಎಂದು ನಾವು ಮಾತಾಡಿದ್ದು ಸಾಮಾನುಗಳ ಬಗ್ಗೆಯಲ್ಲ, ಮನುಷ್ಯರ ಬಗ್ಗೆ. ನಾಳೆ ನಿಮ್ಮಲ್ಲಿ ಒಬ್ಬರು ಕಾಲೇಜು ತಂಡದ ನಾಯಕರಾಗಬಹುದು. ಹನ್ನೆರಡು ಹೆಸರು ಬರೆದು ಹದಿಮೂರನೆಯದನ್ನು ಬಿಡಬೇಕಾಗಬಹುದು. ಆಗ ಆ ಹದಿಮೂರನೆಯವನಿಗೆ ಸೂಚನಾ ಫಲಕದಿಂದ ಸುದ್ದಿ ಗೊತ್ತಾಗದಿರಲಿ. ನೀವೇ ಹೋಗಿ ಕಾರಣ ಹೇಳಿ. ಹೇಳಲು ಕಾರಣ ಹೊಳೆಯದಿದ್ದರೆ ನಿಮ್ಮ ನಿರ್ಧಾರವನ್ನು ಇನ್ನೊಮ್ಮೆ ಪರಿಶೀಲಿಸಿ.

ಇನ್ನು, ನಿಮ್ಮಲ್ಲಿ ಯಾರಾದರೂ ಇಂದು ಬೆಂಚಿನ ಮೇಲೆ ಕುಳಿತಿದ್ದರೆ ನಿಮಗೊಂದು ಮಾತು. ನಿಮ್ಮ ತಂಡಕ್ಕೆ ಯಾವ ಕೆಲಸ ಮಾಡುವವರು ಇಲ್ಲವೋ ಅದನ್ನು ಹುಡುಕಿ ಕಲಿಯಿರಿ. ಕರೆ ಬರುವ ದಿನ ನಿಮ್ಮ ಕೈಯಲ್ಲಿಲ್ಲ. ಬಂದ ದಿನ ಸಿದ್ಧವಾಗಿರುವುದು ನಿಮ್ಮ ಕೈಯಲ್ಲಿದೆ. ಲಿನ್ ಸಿದ್ಧನಾಗಿದ್ದ. ಬೂಟಿನ ಲೇಸು ಬಿಗಿಯಾಗಿರಲಿ.