ಮೌನವು ಸಮ್ಮತಿಯಲ್ಲ

(ಸಿಲ್ಲೋಡಿನಲ್ಲಿ ನೆರೆದ ಕನ್ನಡ ಬಾಂಧವರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಅಜಂತೆಯ ದಾರಿಯಲ್ಲಿರುವ ಈ ಊರಿಗೆ ಬಂದ ಕನ್ನಡದ ಭಾಷಣಕಾರನು ರಾಷ್ಟ್ರಕೂಟರಿಂದ ಆರಂಭಿಸಿ ಎಲ್ಲೋರದ ಕೈಲಾಸ ದೇವಾಲಯಕ್ಕೆ ಬಂದು ನಿಲ್ಲುವುದು ವಾಡಿಕೆ. ಇಂದು ನಾನು ಆ ವಾಡಿಕೆಯನ್ನು ಮುರಿಯುತ್ತಿದ್ದೇನೆ. ನನ್ನ ವಿಷಯ, ಗಣಕಯಂತ್ರದ ಆಂಟಿವೈರಸ್ ಚಂದಾವನ್ನು ರದ್ದುಪಡಿಸುವುದು. ಸಾಂಸ್ಕೃತಿಕ ವೇದಿಕೆಗೆ ಇದು ತಕ್ಕುದೇ ಎಂದು ಕಾರ್ಯದರ್ಶಿಗಳು ಹುಬ್ಬೇರಿಸಿದರು. ಒಪ್ಪಂದ, ಸಮ್ಮತಿ, ಭಯ, ಭಾಷೆ ಇವು ಸಂಸ್ಕೃತಿಗೆ ಹೊರಗಿನವು ಎಂದು ನನಗೇನೂ ಅನ್ನಿಸುವುದಿಲ್ಲ.

‘ಚಂದಾ’ ಪಾರಸಿ ಮೂಲದ ಮಾತು, ‘ರದ್ದು’ ಅರಬ್ಬಿ ಮೂಲದ್ದು. ಎರಡನ್ನೂ ಕನ್ನಡ, ಮರಾಠಿಗಳು ಸಮನಾಗಿ ಹಂಚಿಕೊಂಡಿವೆ. ವಿಜಯಪುರದ ರೈತನಿಗೂ ಸಿಲ್ಲೋಡಿನ ಮೆಣಸಿನಕಾಯಿ ವ್ಯಾಪಾರಿಗೂ ಅರ್ಥ ಹೇಳಿಕೊಡಬೇಕಾಗಿಲ್ಲ. ಚಂದಾ ಎಂದರೆ ನಮ್ಮ ತಲೆಮಾರಿಗೆ ಪತ್ರಿಕೆಯ ಚಂದಾ. ವರ್ಷ ತುಂಬಿದಾಗ ‘ಈ ಸಂಚಿಕೆಯೊಂದಿಗೆ ತಮ್ಮ ಚಂದಾ ಮುಗಿಯಿತು’ ಎಂಬ ಚೀಟಿ ಬರುತ್ತಿತ್ತು. ಮನಿಯಾರ್ಡರ್ ಕಳಿಸಿದರೆ ಪತ್ರಿಕೆ ಬಂದೀತು, ಸುಮ್ಮನಿದ್ದರೆ ನಿಂತೀತು. ಸುಮ್ಮನಿರುವವರಿಂದಾಗಿಯೇ ಹೊರನಾಡಿನ ಎಷ್ಟೋ ಕನ್ನಡ ಪತ್ರಿಕೆಗಳು ಕಣ್ಣು ಮುಚ್ಚಿದವು. ಆ ದುಃಖ ಬೇರೆ. ಆದರೆ ಚಂದಾದಾರನ ಮೌನಕ್ಕೆ ‘ಬೇಡ’ ಎಂಬುದೇ ಅರ್ಥವಾಗಿತ್ತು. ಈಗ ಅದೇ ಮೌನಕ್ಕೆ ‘ಬೇಕು’ ಎಂಬ ಅರ್ಥ ಹಚ್ಚಲಾಗಿದೆ.

1872ರ ಭಾರತೀಯ ಕರಾರು ಕಾಯಿದೆಯು, ಪ್ರಸ್ತಾವ ಪಡೆದವನು ತನ್ನ ಒಪ್ಪಿಗೆಯನ್ನು ಸೂಚಿಸಿದಾಗಲೇ ಪ್ರಸ್ತಾವ ಸ್ವೀಕೃತವಾಯಿತೆಂದು ಹೇಳುತ್ತದೆ. ಅದಕ್ಕೆ ಹತ್ತು ವರ್ಷ ಮೊದಲೇ, 1862ರಲ್ಲಿ, ಇಂಗ್ಲೆಂಡಿನ ನ್ಯಾಯಾಲಯವೊಂದು ಕುದುರೆ ವ್ಯಾಪಾರದ ಮೊಕದ್ದಮೆಯಲ್ಲಿ ಸುಮ್ಮನಿರುವುದು ಒಪ್ಪಿಗೆಯಾಗದು ಎಂದಿತ್ತು. ‘ಮೌನಂ ಸಮ್ಮತಿ ಲಕ್ಷಣಂ’ ಎಂಬುದು ಹೆಣ್ಣು ನೋಡುವ ಶಾಸ್ತ್ರಕ್ಕೇ ಸರಿಹೋಗದ ಮಾತು. ಬ್ಯಾಂಕಿನ ಖಾತೆಗಂತೂ ಹೇಗೆ ಸರಿಹೋದೀತು? ಕಂಪನಿಗಳ ಉತ್ತರ ಸಿದ್ಧವಾಗಿದೆ: ಮೊದಲ ವರ್ಷವೇ ತಾವು ಎಲ್ಲ ಮುಂದಿನ ವರ್ಷಗಳಿಗೂ ಒಪ್ಪಿದ್ದೀರಿ, ಕೆಳಗಿನ ಸಣ್ಣ ಅಕ್ಷರಗಳನ್ನು ಓದಿಕೊಳ್ಳಿ. ಆ ಸಣ್ಣ ಅಕ್ಷರಗಳು ಕನ್ನಡದಲ್ಲಿಲ್ಲ, ಮರಾಠಿಯಲ್ಲೂ ಇಲ್ಲ.

ಈ ಸರಕಿನ ಹುಟ್ಟನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. 1986ರಲ್ಲಿ ಲಾಹೋರಿನ ಅಣ್ಣತಮ್ಮಂದಿರಿಬ್ಬರು ‘ಬ್ರೇನ್’ ಎಂಬ ವೈರಸ್ಸನ್ನು ಬರೆದು, ಅದರೊಳಗೆ ತಮ್ಮ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನೂ ಇಟ್ಟಿದ್ದರು. 1990ರ ದಶಕದಲ್ಲಿ ಇದೇ ಮಹಾರಾಷ್ಟ್ರದ ಪುಣೆಯಲ್ಲಿ ಕ್ಯಾಲ್ಕ್ಯುಲೇಟರ್ ದುರಸ್ತಿಯಿಂದ ಬದುಕು ಆರಂಭಿಸಿದ ಕೈಲಾಸ ಕಾಟ್ಕರ್ ಮತ್ತು ಅವರ ತಮ್ಮ ಸಂಜಯ ಕಾಟ್ಕರ್ ‘ಕ್ವಿಕ್ ಹೀಲ್’ ಎಂಬ ಮದ್ದನ್ನು ತಯಾರಿಸಿದರು. ರೋಗವೂ ಸೋದರರದು, ಮದ್ದೂ ಸೋದರರದು! ನಮ್ಮ ಊರುಗಳಲ್ಲಿ ಇಂಥ ಮದ್ದು ಬಹುಕಾಲ ಅಂಗಡಿಯಲ್ಲಿ ಡಬ್ಬಿಯಾಗಿ ಸಿಗುತ್ತಿತ್ತು. ಒಳಗೊಂದು ಸಂಖ್ಯೆ, ಒಂದು ವರ್ಷ ಅಥವಾ ಮೂರು ವರ್ಷದ ಅವಧಿ, ಮುಗಿದರೆ ಮುಗಿಯಿತು. ಅಂತರಜಾಲದಲ್ಲಿ ಕಾರ್ಡಿನ ಸಂಖ್ಯೆ ಕೊಟ್ಟು ಕೊಳ್ಳುವ ಪದ್ಧತಿ ಬಂದ ಮೇಲೆ ಮುಗಿಯದ ಚಂದಾ ಹುಟ್ಟಿಕೊಂಡಿತು.

ಈ ಭಾಗದಲ್ಲಿ ಹಲವು ವರ್ಷಗಳಿಂದ ಹೋಟೆಲು ನಡೆಸುತ್ತಿರುವ ಕರಾವಳಿಯ ಹಿರಿಯರೊಬ್ಬರು ನನ್ನ ಬಳಿ ಬ್ಯಾಂಕಿನ ಪಾಸ್‌ಬುಕ್ ಹಿಡಿದು ಬಂದರು. ಮಗಳ ಓದಿಗೆಂದು ಲ್ಯಾಪ್‌ಟಾಪ್ ಕೊಂಡಾಗ ಅದರೊಡನೆ ಆಂಟಿವೈರಸ್ಸೂ ಬಂದಿತ್ತು. ಮೊದಲ ವರ್ಷದ ದರ ತೀರ ಅಗ್ಗ. ಮರುವರ್ಷ ಅದರ ಮೂರು ಪಟ್ಟು ಹಣ ಖಾತೆಯಿಂದ ತಾನಾಗಿ ಹೋಗಿತ್ತು. “ಅಲ್ಲ ಮಾರಾಯ್ರೆ, ಅದನ್ನು ಮಗಳು ಯಂತ್ರದಿಂದ ತೆಗೆದುಹಾಕಿಯೇ ಆರು ತಿಂಗಳಾಯಿತು. ಇಲ್ಲದ ಕಾವಲುಗಾರನಿಗೆ ಸಂಬಳ ಹೋಗುವುದು ಹೇಗೆ?” ಎಂದರು. ಅವರ ಪ್ರಶ್ನೆಗಿಂತ ಸ್ಪಷ್ಟವಾಗಿ ಈ ವಿಷಯವನ್ನು ನಾನು ಹೇಳಲಾರೆ. ತಂತ್ರಾಂಶವನ್ನು ಅಳಿಸುವುದು ಬೇರೆ, ಚಂದಾ ರದ್ದುಪಡಿಸುವುದು ಬೇರೆ. ಕಾವಲುಗಾರನನ್ನು ಮನೆಗೆ ಕಳಿಸಿದರೂ ಸಂಬಳದ ಪಟ್ಟಿಯಿಂದ ಹೆಸರು ಹೊಡೆಯಲಿಲ್ಲವೆಂದರೆ ಹಣ ಹೋಗುತ್ತಲೇ ಇರುತ್ತದೆ.

ನಾವಿಬ್ಬರೂ ಕುಳಿತು ಆ ಕಂಪನಿಯ ಖಾತೆಯನ್ನು ತೆರೆದೆವು. ಕೊಳ್ಳುವ ಗುಂಡಿ ಪ್ರತಿ ಪುಟದಲ್ಲೂ ಇತ್ತು. ನಿಲ್ಲಿಸುವ ಗುಂಡಿ ನಾಲ್ಕನೆಯ ಪುಟದ ಬೂದು ಬಣ್ಣದ ಮೂಲೆಯಲ್ಲಿತ್ತು. ಒತ್ತಿದರೆ ಕೆಂಪು ಎಚ್ಚರಿಕೆ, ಮತ್ತೆ ಒತ್ತಿದರೆ ರಿಯಾಯಿತಿಯ ಆಮಿಷ, ಕೊನೆಗೆ ‘ಅಪಾಯವನ್ನು ನಾನು ಒಪ್ಪುತ್ತೇನೆ’ ಎಂದು ಮುಚ್ಚಳಿಕೆ ಬರೆಸಿಕೊಳ್ಳುವಂಥ ಒಂದು ವಾಕ್ಯ. ಸರ್ಕಾರಿ ಕಚೇರಿಗಳನ್ನು ಕೆಂಪುಪಟ್ಟಿಗಾಗಿ ಹಳಿಯುವವರು ಈ ಪುಟಗಳನ್ನೊಮ್ಮೆ ನೋಡಬೇಕು.

ಇದಕ್ಕೆ ಕಾನೂನಿನಲ್ಲಿ ಹೆಸರುಂಟು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಗಳಲ್ಲಿ 13 ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿಮಾಡಿ ನಿಷೇಧಿಸಲಾಗಿದೆ. ಚಂದಾ ರದ್ದತಿಯನ್ನು ಅಸಾಧ್ಯ ಅಥವಾ ಜಟಿಲಗೊಳಿಸುವುದು, ರದ್ದತಿಯ ದಾರಿಯನ್ನು ಮರೆಮಾಡುವುದು, ಉಚಿತ ಚಂದಾಕ್ಕೂ ಹಣಪಾವತಿಯ ವಿವರ ಕೇಳುವುದು, ಇವೆಲ್ಲ ‘ಚಂದಾ ಬಲೆ’ ಎಂಬ ವರ್ಗಕ್ಕೆ ಸೇರುತ್ತವೆ. ಬೇಡವೆನ್ನುವವನಲ್ಲಿ ಭಯವನ್ನೋ ನಾಚಿಕೆಯನ್ನೋ ಹುಟ್ಟಿಸುವ ಮಾತೂ ಆ ಪಟ್ಟಿಯಲ್ಲಿದೆ. ಹೊರದೇಶಗಳಲ್ಲೂ ಇದೇ ಕತೆ. 2009ರಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಅವರು ತಾನಾಗಿ ನವೀಕರಣಗೊಳ್ಳುವ ಚಂದಾದ ಪ್ರಕರಣದಲ್ಲಿ ಸಿಮ್ಯಾಂಟೆಕ್ ಮತ್ತು ಮ್ಯಾಕಫಿ ಕಂಪನಿಗಳಿಂದ ತಲಾ 3,75,000 ಡಾಲರ್ ದಂಡ ಕಟ್ಟಿಸಿಕೊಂಡರು. 2021ರಲ್ಲಿ ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರವು ಮ್ಯಾಕಫಿ, ನಾರ್ಟನ್‌ಗಳಿಂದ ಗ್ರಾಹಕರ ಪರವಾಗಿ ಬರಹದಲ್ಲಿ ವಾಗ್ದಾನ ಪಡೆಯಿತು.

ನಮ್ಮ ಕೈಯಲ್ಲಿರುವ ಬಲವಾದ ಆಯುಧವೆಂದರೆ ರಿಸರ್ವ್ ಬ್ಯಾಂಕಿನ ನಿಯಮ. 2019ರ ಆಗಸ್ಟಿನಲ್ಲಿ ಹೊರಟ ಸುತ್ತೋಲೆ 2021ರ ಅಕ್ಟೋಬರ್ 1ರಿಂದ ಬಿಗಿಯಾಗಿ ಜಾರಿಗೆ ಬಂತು. ಕಾರ್ಡಿನಿಂದ ಮರುಕಳಿಸುವ ಹಣವನ್ನು ಕಡಿಯುವ ಕನಿಷ್ಠ 24 ಗಂಟೆ ಮೊದಲು, ಯಾರಿಗೆ, ಎಷ್ಟು, ಎಂದು ಎಂಬ ವಿವರದೊಂದಿಗೆ ಬ್ಯಾಂಕು ತಿಳಿಸಬೇಕು. ಅದನ್ನು ತಡೆಯುವ ಅಥವಾ ಆದೇಶವನ್ನೇ ಹಿಂತೆಗೆದುಕೊಳ್ಳುವ ಅವಕಾಶವನ್ನೂ ಕೊಡಬೇಕು. ಓಟಿಪಿ ಇಲ್ಲದೆ ಹೋಗಬಹುದಾದ ಮೊತ್ತದ ಮಿತಿಯನ್ನು 2022ರ ಜೂನಿನಲ್ಲಿ 5,000 ರೂಪಾಯಿಯಿಂದ 15,000ಕ್ಕೆ ಏರಿಸಲಾಯಿತು. ಆಂಟಿವೈರಸ್ ಚಂದಾ ಸಾಮಾನ್ಯವಾಗಿ ಈ ಮಿತಿಯ ಒಳಗೇ ಇರುವುದರಿಂದ ಓಟಿಪಿ ಕೇಳುವುದಿಲ್ಲ. ಆ ಒಂದು ಸಂದೇಶವೇ ನಮಗಿರುವ ಗಂಟೆ. ಜಾಹೀರಾತಿನ ನೂರು ಸಂದೇಶಗಳ ನಡುವೆ ಇಂಗ್ಲಿಷಿನಲ್ಲಿ ಬಂದ ಅದನ್ನು ನಮ್ಮ ಹಿರಿಯರು ಓದಿರಲಿಲ್ಲ. ಓದಲಿಲ್ಲವೆಂದು ಅವರನ್ನು ದೂರುವುದು ನ್ಯಾಯವೆಂದು ನನಗನ್ನಿಸುವುದಿಲ್ಲ.

ಆದ್ದರಿಂದ ಎರಡು ಕಡೆ ಬಾಗಿಲು ಹಾಕಬೇಕು. ಕಂಪನಿಯ ಖಾತೆಯಲ್ಲಿ ತಾನಾಗಿ ನವೀಕರಿಸುವ ಏರ್ಪಾಡನ್ನು ನಿಲ್ಲಿಸಿ, ನಿಲ್ಲಿಸಿದ್ದಕ್ಕೆ ಬಂದ ಇ-ಅಂಚೆಯನ್ನು ಕಾದಿಟ್ಟುಕೊಳ್ಳಬೇಕು. ಬ್ಯಾಂಕಿನ ಕಡೆ ಕಾರ್ಡಿನ ಇ-ಮ್ಯಾಂಡೇಟ್ ಪಟ್ಟಿಯಲ್ಲಿ ಅದೇ ಆದೇಶವನ್ನು ಹಿಂತೆಗೆದುಕೊಳ್ಳಬೇಕು. ಯುಪಿಐ ಮೂಲಕ ಕಟ್ಟಿದ್ದರೆ ಆ ಆಪ್‌ನ ಆಟೊಪೇ ವಿಭಾಗದಲ್ಲಿ, ಗೂಗಲ್ ಪ್ಲೇ ಅಥವಾ ಆಪಲ್ ಮೂಲಕ ಕೊಂಡಿದ್ದರೆ ಅವುಗಳ ಚಂದಾ ಪುಟದಲ್ಲಿ ಈ ಕೆಲಸ ಆಗಬೇಕು. ಹೋದ ಹಣ ಇದರಿಂದ ಮರಳಿ ಬಾರದು. ಅದನ್ನು ಬೇರೆಯಾಗಿ ಬರೆದು ಕೇಳಬೇಕು. ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ನಮ್ಮ ಹಿರಿಯರು ಕೊಟ್ಟರು. ಮೂರು ವಾರಗಳಲ್ಲಿ ಪೂರ್ತಿ ಹಣ ಬಂತು.

ಹಾಗಾದರೆ ಯಂತ್ರಕ್ಕೆ ಕಾವಲು ಬೇಡವೇ ಎಂದು ಕೇಳುವಿರಿ. ಬೇಕು. ವಿಂಡೋಸ್ ಯಂತ್ರಗಳಲ್ಲಿ 2012ರ ಎಂಟನೆಯ ಆವೃತ್ತಿಯಿಂದ ಡಿಫೆಂಡರ್ ಎಂಬ ಕಾವಲು ಒಳಗೇ ಬರುತ್ತಿದೆ. ಹೊರಗಿನ ಆಂಟಿವೈರಸ್ಸನ್ನು ತೆಗೆದರೆ ಅದು ಸಾಮಾನ್ಯವಾಗಿ ತಾನಾಗಿ ಎಚ್ಚರಗೊಳ್ಳುತ್ತದೆ. ಎಚ್ಚರಗೊಂಡಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಮನೆಯ ಬಳಕೆಗೆ ಅಷ್ಟು ಸಾಲುತ್ತದೆಂದು ನನ್ನ ಅಭಿಪ್ರಾಯ. ವ್ಯಾಪಾರದ ಲೆಕ್ಕಪತ್ರ ಇಟ್ಟವರು ಹಣ ಕೊಟ್ಟು ಕೊಳ್ಳುವುದಾದರೆ ಕೊಳ್ಳಲಿ, ಬೇಕೆಂದು ಕೊಳ್ಳಲಿ. ವಿಂಡೋಸ್ ಹತ್ತಕ್ಕೆ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಅದನ್ನೇ ಇನ್ನೂ ಬಳಸುವವರಿಗೆ ಆಂಟಿವೈರಸ್ಸಿಗಿಂತ ಮೊದಲಿನ ಚಿಂತೆ ಅದು.

ಕೊನೆಯದಾಗಿ ಒಂದು ಮಾತು, ಇದು ಎಲ್ಲಕ್ಕಿಂತ ಗಂಭೀರ. ‘ನಿಮ್ಮ ಆಂಟಿವೈರಸ್ ನವೀಕರಣಗೊಂಡಿದೆ, ಇಷ್ಟು ಹಣ ಕಡಿಯಲಾಗಿದೆ, ಬೇಡವಾದರೆ ಈ ಸಂಖ್ಯೆಗೆ ಕರೆಮಾಡಿ’ ಎಂದು ಕಳ್ಳರೂ ಪತ್ರ ಬರೆಯುತ್ತಾರೆ. ಕರೆಮಾಡಿದವನಿಂದ ಯಂತ್ರವನ್ನು ದೂರದಿಂದಲೇ ಆಳುವ ಆಪ್ ಹಾಕಿಸಿ, ಹಣ ಮರಳಿಸುವ ನೆಪದಲ್ಲಿ ಖಾತೆಯನ್ನೇ ಬರಿದು ಮಾಡುತ್ತಾರೆ. ಅಮೆರಿಕದಲ್ಲಿರುವ ನಮ್ಮ ಮಕ್ಕಳ ಮನೆಗಳಿಗೂ ಇಂಥ ಪತ್ರಗಳು ಹೋಗುತ್ತವೆ. ರದ್ದುಪಡಿಸುವ ದಾರಿ ನಿಜವಾಗಿಯೂ ಕಷ್ಟವಾಗಿರುವುದರಿಂದಲೇ, ಸುಲಭವಾಗಿ ರದ್ದು ಮಾಡಿಕೊಡುತ್ತೇನೆಂಬ ಕಳ್ಳನ ಮಾತು ನಂಬಿಕೆಗೆ ಅರ್ಹವಾಗಿ ಕಾಣುತ್ತದೆ. ಪತ್ರದಲ್ಲಿರುವ ಸಂಖ್ಯೆಗಾಗಲಿ, ಅಂತರಜಾಲದಲ್ಲಿ ಹುಡುಕಿ ಸಿಕ್ಕ ‘ಕಸ್ಟಮರ್ ಕೇರ್’ ಸಂಖ್ಯೆಗಾಗಲಿ ಕರೆಮಾಡಬೇಡಿ. ಮೊದಲು ಬ್ಯಾಂಕಿನ ಖಾತೆ ನೋಡಿ. ಎಷ್ಟೋ ಸಲ ಹಣ ಹೋಗಿಯೇ ಇರುವುದಿಲ್ಲ. ಮೋಸಹೋದದ್ದು ತಿಳಿದ ಕ್ಷಣವೇ 1930ಕ್ಕೆ ಕರೆಮಾಡಿ, ಬ್ಯಾಂಕಿಗೂ ತಿಳಿಸಿ. ನಾಚಿಕೆಯಿಂದ ಎರಡು ದಿನ ಮುಚ್ಚಿಟ್ಟರೆ ಹಣ ನಾಲ್ಕು ಖಾತೆ ದಾಟಿರುತ್ತದೆ.

ಊಟದ ಬಳಿಕ ನಾನು ಇಲ್ಲಿಯೇ ಇರುತ್ತೇನೆ. ಇ-ಮ್ಯಾಂಡೇಟ್ ಪಟ್ಟಿ ಎಲ್ಲಿದೆಯೆಂದು ನೋಡಬಯಸುವವರು ತಮ್ಮ ಫೋನಿನೊಂದಿಗೆ ಬರಬಹುದು. ಓಟಿಪಿ, ಪಿನ್‌ಗಳನ್ನು ಮಾತ್ರ ನನಗೂ ಹೇಳಬೇಡಿ.